ರಾಣಿಯ ಪ್ಲೇಟು

ನನ್ನ ಮದುವೆ ನಿಶ್ಚಯವಾದ ತಿಂಗಳಲ್ಲೇ ನಮ್ಮಪ್ಪ ರೇಡಿಯೋ ಕೊಂಡರು. ಎರಡಕ್ಕೂ ಸಂಬಂಧ ಇಲ್ಲ ಅಂತ ಅವರು ಕಡೆಯವರೆಗೂ ಹೇಳುತ್ತಿದ್ದರು.

ಶಿಕಾರಿಪುರದ ಪೇಟೆಯಲ್ಲಿ ನಮ್ಮದು ಬಟ್ಟೆ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ನಡುಮನೆಯ ಮೇಜಿನ ಮೇಲೆ ನಾನು ಹುಟ್ಟುವುದಕ್ಕೆ ಮೊದಲಿನಿಂದಲೂ ಒಂದು ಗ್ರಾಮಫೋನ್ ಕೂತಿತ್ತು. ಹೊರಗೆ ಕಹಳೆ ಇರುವಂಥದ್ದಲ್ಲ. ಮುಚ್ಚಳ ಇರುವ ಮರದ ಪೆಟ್ಟಿಗೆ, ಪಕ್ಕದಲ್ಲಿ ಕೀ ಕೊಡುವ ಹಿಡಿ. ರೇಡಿಯೋ ಬಂದ ದಿನ ಅದನ್ನು ಮೇಜಿನಿಂದ ಕೆಳಗಿಳಿಸಿದರು. ಒಂದು ವಾರ ಅದು ನೆಲದ ಮೇಲೆ ಓಡಾಡುವವರ ಕಾಲಿಗೆಲ್ಲ ತಗುಲುತ್ತ ಕೂತಿತ್ತು. ಆಮೇಲೆ ಅಪ್ಪನಿಗೆ ಒಂದು ಯೋಚನೆ ಹೊಳೆಯಿತು.

"ಮಗಳಿಗೆ ಏನಾರ ಬೆಲೆಬಾಳೋದು ಕೊಡಬೇಕು ಅಂತಿದ್ದೆ. ಇದನ್ನ ಕೊಡೋಣು," ಅಂದರು.

"ಅದು ಹಳೇದಲ್ಲೇನ್ರಿ?" ಅಂದಳು ಅವ್ವ.

"ಪೆಟ್ಟಿಗಿ ಹಳೇದಾದ್ರ ಸಂಗೀತ ಹಳೇದಾಕ್ಕತೇನು?" ಅಂದರು ಅಪ್ಪ, ರೇಡಿಯೋದ ತಿರುಪು ತಿರುಗಿಸುತ್ತಲೇ.

ಹೀಗೆ ಒಂದು ಗ್ರಾಮಫೋನ್ ಮತ್ತು ಮೂವತ್ತಕ್ಕೂ ಮಿಕ್ಕಿದ ಪ್ಲೇಟುಗಳು ನನ್ನ ಬಳುವಳಿಯಾದವು. ಸೊರಬದ ಬಸ್ಸಿನ ಟಾಪಿನ ಮೇಲೆ ಹಾಸಿಗೆ, ಟ್ರಂಕು, ಕೊಡಪಾನಗಳು ಹೋದವು. ಪೆಟ್ಟಿಗೆ ಮಾತ್ರ ದಾರಿಯುದ್ದಕ್ಕೂ ನನ್ನ ಮಡಿಲಲ್ಲಿತ್ತು. ಪಕ್ಕದಲ್ಲಿ ಕೂತ ಹೊಸ ಗಂಡ ಮಾತಾಡಬೇಕೆಂದು ಒಂದೆರಡು ಸಲ ಬಗ್ಗಿದರು. ಪೆಟ್ಟಿಗೆ ಅಡ್ಡ ಬಂದು ಸುಮ್ಮನಾದರು.

ಸೊರಬದಲ್ಲಿ ಮನೆಯ ಮುಂದೆ ಇಳಿದಾಗ ಮೊದಲು ನೋಡಿದವರು ಪಕ್ಕದ ಮನೆಯ ಅಜ್ಜಿ. ಅವರಿಗೆ ಕಿವಿ ಸ್ವಲ್ಪ ಮಂದ, ಕಣ್ಣು ಚೆನ್ನಾಗಿತ್ತು. ಮುಚ್ಚಳ ಕಂಡಿತು, ಹಿಡಿ ಕಂಡಿತು. "ಹುಡುಗಿ ಹೊಲಿಗೆ ಮಿಷನ್ ತಂದಾಳೆ," ಅಂತ ಬೀದಿಗೆಲ್ಲ ಹೇಳಿದರು. ಮಾರನೆಯ ದಿನ ಬೆಳಗ್ಗೆ ಮೂರು ಜನ ಹೆಂಗಸರು ರವಿಕೆ ಕಣ ಹಿಡಿದುಕೊಂಡು ಬಂದರು. ನಮ್ಮತ್ತೆಗೂ ಖುಷಿಯಾಗಿತ್ತು. ಅವರನ್ನು ಜಗುಲಿಯಲ್ಲಿ ಕೂರಿಸಿ, ಒಳಗೆ ಬಂದು, ತಾವೇ ಮುಚ್ಚಳ ತೆಗೆದರು. ಒಳಗೆ ಹಸಿರು ಬಟ್ಟೆ ಹೊದ್ದ ದುಂಡನೆಯ ತಟ್ಟೆ, ಅದರ ಮೇಲೆ ತುದಿಗೆ ಮುಳ್ಳಿರುವ ಬಾಗಿದ ಕೊಳವೆ.

"ಇದರಲ್ಲಿ ಬಟ್ಟೆ ಎಲ್ಲಿ ಇಡ್ತಾರೆ?" ಅಂದರು.

"ಇದು ಗ್ರಾಮಫೋನ್ ಅತ್ತೆ. ಹಾಡೋದು."

ಅತ್ತೆ ಮುಚ್ಚಳವನ್ನು ಥಟ್ಟನೆ ಇಳಿಸಿದರು. ಜಗುಲಿಗೆ ಹೋಗಿ, "ಮಿಷನ್ ಕೆಟ್ಟೈತಂತೆ, ರಿಪೇರಿ ಆಗ್ಬೇಕು," ಅಂತ ಹೇಳಿ ಹೆಂಗಸರನ್ನು ಕಳಿಸಿದರು. ವಾಪಸು ಬಂದು ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿದರು. ಮುಂದೆ ಐದಾರು ತಿಂಗಳು ನಾನು ಆ ಬೀದಿಯಲ್ಲಿ ಕೆಟ್ಟ ಹೊಲಿಗೆ ಮಿಷನ್ನಿನ ಒಡತಿಯಾಗಿ ಬದುಕಿದೆ. ಅದಕ್ಕೆ ಕೊಬ್ಬರಿ ಎಣ್ಣೆ ಬಿಟ್ಟು ನೋಡು ಅಂತ ಸಲಹೆ ಕೊಟ್ಟವರೂ ಇದ್ದರು.

ಇಷ್ಟಕ್ಕೆಲ್ಲ ಕಾರಣ ನಮ್ಮ ಮಾವ. ಅವರು ಮಿಡ್ಲ್ ಸ್ಕೂಲಿನ ಹೆಡ್‌ಮೇಷ್ಟ್ರು. ದಪ್ಪ ಮೀಸೆ, ಮುಚ್ಚು ಕೋಟು, ಇಸ್ತ್ರಿ ಮಾಡಿದಂಥ ಮುಖ. ಅವರಿಗೆ ಹಾಡು ಅಂದರೆ ಆಗುತ್ತಿರಲಿಲ್ಲ. ಮನೆಯಲ್ಲಿ ಯಾರೂ ಗುನುಗುವ ಹಾಗಿರಲಿಲ್ಲ. ಅತ್ತೆ ಬೀಸುವ ಕಲ್ಲಿನ ಮುಂದೆ ಕೂತಾಗಲೂ ಬಾಯಿ ಮುಚ್ಚಿಕೊಂಡೇ ಬೀಸುತ್ತಿದ್ದರು. ನಮ್ಮ ಮದುವೆಗೆ ಒಂದು ವರ್ಷ ಮೊದಲು ಸೊರಬಕ್ಕೆ ಒಂದು ನಾಟಕದ ಕಂಪನಿ ಬಂದು ಟೆಂಟು ಹಾಕಿತ್ತಂತೆ. ಇದರಿಂದ ಮಕ್ಕಳ ಓದು ಕೆಡುತ್ತದೆ, ಊರಿನ ಮರ್ಯಾದೆ ಹೋಗುತ್ತದೆ ಅಂತ ಮಾವನವರೇ ಅರ್ಜಿ ಬರೆದು, ಮನೆಮನೆಗೆ ಹೋಗಿ ಸಹಿ ಹಾಕಿಸಿ, ಟೆಂಟು ಎತ್ತಿಸಿದರಂತೆ. ಈ ಸುದ್ದಿ ಶಿಕಾರಿಪುರದವರೆಗೆ ಬಂದಿತ್ತು. ನಮ್ಮಪ್ಪ ಆ ಸಂಬಂಧ ಒಪ್ಪಿದ್ದೇ ಅದನ್ನು ಕೇಳಿ. "ಇಂಥಾ ಶಿಸ್ತಿನ ಮನಿ ಸಿಗೂದು ಪುಣ್ಯ," ಅಂದಿದ್ದರು. ಆ ಶಿಸ್ತಿನ ಮನೆಗೆ ಗ್ರಾಮಫೋನ್ ಕಳಿಸಿದವರೂ ಅವರೇ.

ಮಾವನವರಿಗೆ ಒಂದು ಅಭ್ಯಾಸವಿತ್ತು. ಹೊಸಿಲು ದಾಟುವ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅದು ದೊಡ್ಡ ಕೆಮ್ಮಲ್ಲ. ಸಣ್ಣವು ಎರಡು, ಅದರ ಹಿಂದೆ ಉದ್ದದ್ದು ಒಂದು. ಅದು ಕೇಳಿದೊಡನೆ ಅತ್ತೆ ಎಲ್ಲಿದ್ದರೂ ಎದ್ದು ನಿಂತು ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದರು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅದು ಅವರಿಗೆ ಉಸಿರಾಟದ ಹಾಗೆ ಆಗಿಬಿಟ್ಟಿತ್ತು.

ಹಾಡು ಕೇಳಬೇಕೆಂಬ ಆಸೆ ಮೊದಲು ಹುಟ್ಟಿದ್ದು ನನಗಲ್ಲ, ಅತ್ತೆಗೆ. ಒಂದು ಮಧ್ಯಾಹ್ನ ಊಟ ಮುಗಿದಿತ್ತು. ಮಾವ ಸ್ಕೂಲಿನಲ್ಲಿದ್ದರು. ನಮ್ಮವರು ಆನವಟ್ಟಿಯ ಸೊಸೈಟಿಯಲ್ಲಿ ಕೆಲಸಕ್ಕಿದ್ದುದರಿಂದ ಸಂಜೆಯ ಬಸ್ಸಿಗೇ ಬರುವುದು. ಅತ್ತೆ ಎಲೆಯಡಿಕೆ ಹಾಕಿಕೊಳ್ಳುತ್ತ ಮಂಚದ ಕೆಳಗೆ ಎರಡು ಸಲ ನೋಡಿದರು.

"ಅದು ನಿಜಕ್ಕೂ ಹಾಡ್ತದೇನೇ?"

"ಹಾಡ್ತದೆ ಅತ್ತೆ."

"ಸಣ್ಣಗೆ ಹಾಕು ನೋಡೋಣ."

ಅದಕ್ಕೆ ಸಣ್ಣಗೆ, ದೊಡ್ಡಗೆ ಅನ್ನೋದು ಇಲ್ಲ ಅಂದೆ. ಅತ್ತೆ ಯೋಚಿಸಿ, ಒಂದು ಕೌದಿ ತಂದು ಪೆಟ್ಟಿಗೆಯ ಮೇಲೆ ಹೊದಿಸಿದರು. ಜ್ವರ ಬಂದವರು ಕಂಬಳಿಯೊಳಗಿಂದ ಹಾಡಿದ ಹಾಗೆ ಅದು ಹಾಡಿತು. ಅತ್ತೆ ಕೌದಿಗೆ ಕಿವಿಯಿಟ್ಟು ಕೇಳಿದರು. ಎರಡನೆಯ ದಿನ ಕೌದಿ ಅರ್ಧಕ್ಕೆ ಸರಿಯಿತು. ನಾಲ್ಕನೆಯ ದಿನ ಅದನ್ನು ಮಡಿಸಿಟ್ಟು ಅದರ ಮೇಲೆ ಕೂತರು. ಪಕ್ಕದ ಮನೆಯ ಅಜ್ಜಿಯೂ ಬರತೊಡಗಿದರು; ಅವರಿಗೆ ಕೌದಿಯೊಳಗಿನದು ಹೇಗೂ ಕೇಳುತ್ತಿರಲಿಲ್ಲ.

ಪ್ಲೇಟುಗಳೆಲ್ಲ ನನಗೆ ಬಾಯಿಪಾಠವಾದವು. ದೇವರ ಪದಗಳು, ನಗುವೇ ತುಂಬಿದ ಎರಡು ಹಾಸ್ಯದ ಪ್ಲೇಟು, ಯಾವುದೋ ಬ್ಯಾಂಡು. ನಮ್ಮ ಮನೆಯಲ್ಲಿ ಕೇಳಿ ಕೇಳಿ ಅವುಗಳ ಗೆರೆಯೆಲ್ಲ ಸವೆದಿತ್ತು. ತಳದಲ್ಲಿ ಒಂದು ಮಾತ್ರ ಹೊಚ್ಚ ಹೊಸದರಂತೆ ಹೊಳೆಯುತ್ತಿತ್ತು. ಶಿಕಾರಿಪುರದಲ್ಲಿ ಅದನ್ನು ಮುಟ್ಟಲು ಹೋದಾಗಲೆಲ್ಲ ಅಪ್ಪ, "ಅದು ಬ್ಯಾಡ, ಸೀಳೈತಿ," ಅಂತ ತಡೆಯುತ್ತಿದ್ದರು. ಈಗ ತೆಗೆದು ಬೆಳಕಿಗೆ ಹಿಡಿದೆ. ಸೀಳು ಎಲ್ಲೂ ಇರಲಿಲ್ಲ. ನಡುವೆ ಅಂಟಿಸಿದ ಕಾಗದವನ್ನು ಮಾತ್ರ ಹುಳ ತಿಂದು, 'ರಾಣಿ' ಅನ್ನುವ ಎರಡೇ ಅಕ್ಷರ ಬಿಟ್ಟಿತ್ತು.

ಹಾಕಿದೆ. ಹಾರ್ಮೋನಿಯಂ ಒಂದು ಸುತ್ತು ಬಂತು. ಆಮೇಲೆ ಒಂದು ಹೆಣ್ಣು ದನಿ ಎದ್ದಿತು. ಬೇಟೆಗೆ ಹೋದ ಗಂಡ ತಿರುಗಿ ಬಂದಿಲ್ಲ, ದೀಪಕ್ಕೆ ಎಣ್ಣೆ ಹಾಕಿ ಹಾಕಿ ಕೈ ಸೋತಿದೆ ಅಂತ ರಾಣಿಯೊಬ್ಬಳು ಗೆಳತಿಯ ಹತ್ತಿರ ಹೇಳಿಕೊಳ್ಳುವ ಹಾಡು. ಎತ್ತರದ, ಸ್ವಲ್ಪ ಒರಟಾದ ದನಿ. ಆದರೆ ಎಷ್ಟು ಎತ್ತರಕ್ಕೆ ಹೋದರೂ ಅದು ಕಿರುಚುತ್ತಿರಲಿಲ್ಲ. ಮೇಲೆ ಹೋಗಿ, ಅಲ್ಲಿ ಒಂದು ಕ್ಷಣ ನಿಂತು, ಕೊನೆಯ ಅಕ್ಷರವನ್ನು ತುಂಬಿದ ಕೊಡ ಇಳಿಸಿದ ಹಾಗೆ ನಿಧಾನವಾಗಿ ಕೆಳಗಿಡುತ್ತಿತ್ತು. ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡರು.

ಮೊದಲ ನುಡಿ ಮುಗಿದು ಎರಡನೆಯದು ಶುರುವಾಗುವ ಮೊದಲು ಹಾಡುತ್ತಿದ್ದವಳು ಗಂಟಲು ಸರಿಮಾಡಿಕೊಂಡಳು. ಅತ್ತೆ ದಡಕ್ಕನೆ ಎದ್ದು ನಿಂತು ಸೆರಗು ಎಳೆದುಕೊಂಡರು. ನಾನೂ ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ.

"ಅವರು ಬಂದ ಹಂಗಾಯ್ತಲ್ಲೇ," ಅಂದರು ಅತ್ತೆ.

"ಪ್ಲೇಟಿಂದ ಬಂದಿದ್ದು ಅತ್ತೆ."

ಮತ್ತೆ ಹಾಕಿದೆ. ಮತ್ತೆ ಅದೇ ಜಾಗಕ್ಕೆ ಅತ್ತೆ ಎದ್ದರು. ಮೂರನೆಯ ಸಲ ಎದ್ದಾಗ ಅಜ್ಜಿ ನಗತೊಡಗಿದರು, ಅತ್ತೆಗೂ ನಗು ಬಂತು. ಆದರೂ ಪೂರ್ತಿ ಅಭ್ಯಾಸ ತಪ್ಪುವುದಕ್ಕೆ ಒಂದು ತಿಂಗಳೇ ಹಿಡಿಯಿತು.

ಆ ದಿನದಿಂದ ಬೇರೆ ಪ್ಲೇಟುಗಳಿಗೆ ಬೆಲೆ ಹೋಯಿತು. ಅತ್ತೆಗೆ ರಾಣಿಯೇ ಬೇಕು. ಸಂಗೀತದ ಬಗ್ಗೆ ಅವರು ಏನೂ ಹೇಳುತ್ತಿರಲಿಲ್ಲ. ಹಾಡಿದವಳ ನಡತೆಯ ಬಗ್ಗೆ ಮಾತ್ರ ತುಂಬ ಹೇಳುತ್ತಿದ್ದರು. "ಇವಳು ಗರತಿ ಕಣೇ. ದನೀಲೇ ಗೊತ್ತಾಗ್ತದೆ. ನಾಟಕದೋರ ಪೈಕಿ ಅಲ್ಲವೇ ಅಲ್ಲ, ಯಾರೋ ಒಳ್ಳೇ ಮನೆಯೋರು." ಅಜ್ಜಿ ಅದಕ್ಕೆ, ಗಂಡನಿಂದ ಬಹಳ ಕಷ್ಟ ಕಂಡವಳೇ ಇರಬೇಕು, ಇಲ್ಲದಿದ್ದರೆ ಹೀಗೆ ಹಾಡಲಾಗುವುದಿಲ್ಲ ಅಂತ ಸೇರಿಸುತ್ತಿದ್ದರು. ಇಬ್ಬರೂ ಸೇರಿ ಆಕೆಗೆ ಒಂದು ಊರು, ಒಂದು ಮನೆ, ಇಬ್ಬರು ಮಕ್ಕಳು, ಒಬ್ಬ ಕೆಟ್ಟ ನಾದಿನಿ ಎಲ್ಲ ಕಟ್ಟಿಕೊಟ್ಟರು. ಇದರ ತೊಂದರೆ ನನಗೆ ತಟ್ಟಿತು. ನಮ್ಮವರ ಬಸ್ಸು ತಡವಾದ ದಿನ ನಾನು ಹಸಿವು ತಡೆಯಲಾರದೆ ಉಂಡರೆ, "ಆ ರಾಣಿ ನೋಡು, ಗಂಡ ಬರೋ ತನಕ ಒಂದು ಗುಟುಕು ನೀರು ಕುಡೀಲಿಲ್ಲ. ನೀನು ಆಗಲೇ ಮಜ್ಜಿಗೆಗೆ ಬಂದಿದೀಯ," ಅನ್ನುತ್ತಿದ್ದರು. ಬಳುವಳಿಯ ಜೊತೆ ನಾನು ಇನ್ನೊಬ್ಬ ಅತ್ತೆಯನ್ನೂ ತಂದುಕೊಂಡಿದ್ದೆ.

ಒಂದು ಬೆಳಗ್ಗೆ ಪೂಜೆಗೆ ಹೂ ಬಿಡಿಸಿ ತಂದೆ. ಮಾವನವರು ಕಣ್ಣುಮುಚ್ಚಿ ಕೂತು ಪ್ರಾರ್ಥನೆ ಹೇಳುತ್ತಿದ್ದರು. ಹಾಡಲ್ಲ, ಬರೀ ಹೇಳುವುದು. ಆದರೆ ಒಂದು ಸಾಲಿನ ಕೊನೆಯಲ್ಲಿ ದನಿ ಸ್ವಲ್ಪ ಎತ್ತರಕ್ಕೆ ಹೋಯಿತು, ಅಲ್ಲಿ ಒಂದು ಕ್ಷಣ ನಿಂತಿತು, ಆಮೇಲೆ ಕೊನೆಯ ಅಕ್ಷರ ನಿಧಾನವಾಗಿ ಕೆಳಗಿಳಿಯಿತು. ಮುಂದಿನ ಸಾಲಿಗೆ ಮೊದಲು ಅವರು ಗಂಟಲು ಸರಿಮಾಡಿಕೊಂಡರು.

ನನ್ನ ಕೈಯಲ್ಲಿದ್ದ ಹೂವಿನ ಬುಟ್ಟಿ ಅಲ್ಲೇ ನಿಂತಿತು. ಮೀಸೆ ನೋಡಿದೆ. ಮೀಸೆಯಿಲ್ಲದ ಮುಖ ಊಹಿಸಿಕೊಳ್ಳಲು ಪ್ರಯತ್ನಪಟ್ಟೆ. ಆಗಲಿಲ್ಲ.

ಯಾರಿಗೂ ಹೇಳಲಿಲ್ಲ. ಹೇಳಿದರೆ ನಂಬುವವರೂ ಇರಲಿಲ್ಲ. ಪಂಚಮಿ ಹಬ್ಬಕ್ಕೆ ತವರಿಗೆ ಹೋದಾಗ, ಅವ್ವ ಹಿತ್ತಲಲ್ಲಿದ್ದ ಹೊತ್ತು ನೋಡಿ ಅಂಗಡಿಗೆ ಹೋಗಿ ಅಪ್ಪನ ಎದುರು ಕೂತೆ.

"ಅಪ್ಪಾ, ಸೀಳೈತಿ ಅಂತಿದ್ದಿರಲ್ಲ, ಆ ಪ್ಲೇಟು ಎಲ್ಲಿಂದ ಬಂತು?"

ಅಪ್ಪ ಬಟ್ಟೆಯ ಥಾನು ಸುತ್ತುತ್ತಿದ್ದ ಕೈ ನಿಲ್ಲಿಸಿದರು. "ಅದನ್ನೂ ಕಳಿಸಿಬಿಟ್ನೇನು?" ಅಂದರು. ಹಿಂದೆ ತಿರುಗಿ ಒಳಬಾಗಿಲು ನೋಡಿ ದನಿ ತಗ್ಗಿಸಿದರು. "ಮೂವತ್ತು ವರ್ಷದ ಮಾತು. ಇಲ್ಲೊಂದು ಕಂಪನಿ ಬಂದಿತ್ತು. ಅದರಾಗ ರಾಣಿ ಪಾರ್ಟು ಮಾಡೂ ಹುಡುಗನ ಹಾಡದು. ಆಗ ಹೆಂಗಸರು ಎಲ್ಲಿ ಪಾರ್ಟು ಮಾಡ್ತಿದ್ರು? ಗಂಡು ಹುಡುಗರೇ ಸೀರಿ ಉಟ್ಟು ಬರ್ತಿದ್ರು. ಈ ಹುಡುಗ ರಂಗದ ಮ್ಯಾಲೆ ಬಂದ ಅಂದ್ರ ಟೆಂಟಿನಾಗ ಉಸಿರು ಕೇಳಸ್ತಿರಲಿಲ್ಲ. ಅವನಿಗೆ ಸೀರಿ ನಮ್ಮ ಅಂಗಡಿಯಿಂದನೇ ಹೋಗ್ತಿತ್ತು. ನಾನೇ ಆರಿಸಿ ಕೊಡ್ತಿದ್ದೆ."

"ನೀವು ನಾಟಕ ನೋಡಿದ್ರಾ?"

"ಒಂದೂ ಆಟ ಬಿಡಲಿಲ್ಲ. ಮುಂದಿನ ಸಾಲು. ಆಗ ತಾನೇ ನಿಮ್ಮವ್ವನ್ನ ಮದುವಿ ಮಾಡ್ಕೊಂಡಿದ್ದೆ. ಅಂಗಡಿಯ ಸೀರಿ ಎಲ್ಲಿ ಹೋಗ್ತಾವು ಅಂತ ಆಕಿ ಕೇಳಿದ್ಲು, ಹೇಳ್ದೆ. ನಾಕು ದಿನ ಒಲಿ ಹಚ್ಚಲಿಲ್ಲ. ಕಂಪನಿ ಮುರಿದು ಸಾಮಾನು ಮಾರಿದಾಗ ಈ ಪ್ಲೇಟು ತಂದೆ. ಹಾಕ್ಲಿಕ್ಕೆ ಆಗಲಿಲ್ಲ. ಸೀಳೈತಿ ಅಂತ ಇಟ್ಟೆ."

"ಆ ಹುಡುಗ ಏನಾದ?"

"ಸೊರಬದ ಕಡಿಯಾಂವ ಅಂತಿದ್ರು. ಅವರಪ್ಪ ಬಂದು ಎಳಕೊಂಡು ಹೋದ. ಹಾಳಾಗಿ ಹೋಗಿರ್ತಾನ. ನಾಟಕದವರು ಉದ್ಧಾರಾಗೂದು ಎಲ್ಲಿ ಕಂಡೀದಿ?" ಅಂದರು ಅಪ್ಪ. ಆಮೇಲೆ ಥಾನು ಕೈಗೆ ತಗೊಂಡು, "ನಿಮ್ಮವ್ವಗ ಹೇಳಬ್ಯಾಡ," ಅಂದರು.

ತಾವು ಪುಣ್ಯವಿದ್ದರೆ ಸಿಗುವ ಮನೆ ಅಂತ ಹುಡುಕಿ ಬೀಗತನ ಬೆಳೆಸಿದ್ದು ಯಾರ ಜೊತೆ ಅಂತ ಅಪ್ಪನಿಗೆ ಹೇಳಿಬಿಡಲೇ ಅನ್ನಿಸಿತು. ಆದರೆ ಹೇಳುವುದಕ್ಕೆ ನನ್ನ ಹತ್ತಿರ ಇದ್ದದ್ದು ಒಂದು ಕೆಮ್ಮು ಮಾತ್ರ. ಸುಮ್ಮನೆ ಎದ್ದು ಬಂದೆ.

ಸೊರಬಕ್ಕೆ ಮರಳಿದ ಮೇಲೆ ಹದಿನೈದು ದಿನ ಕಳೆದಿರಬಹುದು. ಸ್ಕೂಲಿನ ಹಳೆಯ ಮೇಷ್ಟ್ರೊಬ್ಬರು ತೀರಿಕೊಂಡರೆಂದು ಮಧ್ಯಾಹ್ನವೇ ರಜ ಕೊಟ್ಟುಬಿಟ್ಟರು. ಅದು ನಮಗೆ ಹೇಗೆ ಗೊತ್ತಾಗಬೇಕು? ನಡುಮನೆಯಲ್ಲಿ ಪೆಟ್ಟಿಗೆ ಹಾಡುತ್ತಿತ್ತು. ಅತ್ತೆ ಹೆಸರುಕಾಳು ಆರಿಸುತ್ತಿದ್ದರು, ಅಜ್ಜಿ ಬತ್ತಿ ಹೊಸೆಯುತ್ತಿದ್ದರು, ನಾನು ಗೋಡೆಗೆ ಒರಗಿದ್ದೆ. ಮೊದಲ ನುಡಿ ಮುಗಿಯಿತು. ಗಂಟಲು ಸರಿಮಾಡಿಕೊಂಡದ್ದು ಕೇಳಿತು. ನಾವ್ಯಾರೂ ಅಲುಗಲಿಲ್ಲ. ಎರಡನೆಯ ನುಡಿ ಶುರುವಾಯಿತು. ಮತ್ತೊಮ್ಮೆ ಗಂಟಲು ಸರಿಮಾಡಿಕೊಂಡದ್ದು ಕೇಳಿತು. ಪ್ಲೇಟಿನಲ್ಲಿ ಅದು ಬರುವುದು ಒಂದೇ ಸಲ ಅನ್ನುವುದು ನನಗೆ ಹೊಳೆಯುವಷ್ಟರಲ್ಲಿ ಮಾವನವರು ಬಾಗಿಲಲ್ಲಿದ್ದರು.

ಅತ್ತೆ ಏಳಲು ಹೋದಾಗ ಮೊರ ಮಗುಚಿ ಕಾಳೆಲ್ಲ ಚೆಲ್ಲಿತು. ನಾನು ಪ್ಲೇಟು ನಿಲ್ಲಿಸಲು ಕೈ ಚಾಚಿದೆ. ಮಾವನವರು ಬೇಡ ಅನ್ನುವ ಹಾಗೆ ಕೈ ಎತ್ತಿದರು. ಒಂದು ಕಾಲು ಹೊಸಿಲ ಒಳಗೆ, ಒಂದು ಹೊರಗೆ, ಕಂಕುಳಲ್ಲಿ ಕೊಡೆ. ಹಾಗೇ ನಿಂತು ಕೊನೆಯವರೆಗೆ ಕೇಳಿದರು. ಹಾಡು ಮುಗಿದು ಗೆರೆಯ ಸದ್ದು ಮಾತ್ರ ಉಳಿಯಿತು.

"ಮುಳ್ಳು ಸವೆದಿದೆ," ಅಂದರು. "ಬದಲಾಯಿಸಬೇಕು."

ಕೊಡೆಯನ್ನು ಬಾಗಿಲ ಮೂಲೆಗೆ ಒರಗಿಸಿದರು.

"ಎರಡನೇ ನುಡೀಲಿ ಶ್ರುತಿ ಸ್ವಲ್ಪ ಜಾರಿದೆ."

ಪಕ್ಕದ ಮನೆಯ ಅಜ್ಜಿಗೆ ಇದು ಮಾತ್ರ ಸರಿಯಾಗಿ ಕೇಳಿಸಿತು. "ಹಂಗನ್ಬೇಡಿ ಮೇಷ್ಟ್ರೇ. ಗರತಿ ಹೆಣ್ಣುಮಗಳು, ಕಷ್ಟದಾಗೆ ಹಾಡಿದಾಳೆ. ಶ್ರುತಿ ಗಿತಿ ನೋಡಬಾರದು," ಅಂದರು.

ಮಾವನವರು ಅಜ್ಜಿಯನ್ನು ಸ್ವಲ್ಪ ಹೊತ್ತು ನೋಡಿದರು. "ಆಗಲಿ," ಅಂತ ಹೇಳಿ ಕಾಲು ತೊಳೆಯಲು ಹೋದರು.

ಆ ಸಂಜೆಯೇ ಅತ್ತೆ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿಸಿದರು. ಮೂರನೆಯ ದಿನ ಬೆಳಗ್ಗೆ ಅತ್ತೆ ಕೆರೆಗೆ ಬಟ್ಟೆ ಒಗೆಯಲು ಹೋಗಿದ್ದಾಗ ಮಾವನವರು ಜಗುಲಿಯಿಂದ ಕರೆದರು. ಹೋಗಿ ಕಂಬದ ಪಕ್ಕ ನಿಂತೆ.

"ಆ ಪ್ಲೇಟು ಎಲ್ಲಿ ಸಿಕ್ತು ತಾಯಿ?"

"ನಮ್ಮಪ್ಪನ ಹತ್ರ ಇತ್ತು ಮಾವ."

"ನಿಮ್ಮಪ್ಪ ನಾಟಕ ನೋಡ್ತಿದ್ರಾ?"

"ನೋಡ್ತಿದ್ರಂತೆ. ಮುಂದಿನ ಸಾಲಲ್ಲಿ ಕೂತು."

ಮಾವನವರು ಪತ್ರಿಕೆ ಮಡಿಸಿದರು. "ಮುಂದಿನ ಸಾಲಲ್ಲಿ ಒಬ್ಬ ಬಟ್ಟೆ ಅಂಗಡಿಯವನು ಕೂರ್ತಿದ್ದ. ಆಗ ಸಣ್ಣಗಿದ್ದ. ಹಾಡು ಮುಗಿಯೋಕೆ ಬಿಡ್ತಿರಲಿಲ್ಲ, 'ಒನ್ಸ್ ಮೋರ್' ಅಂತಿದ್ದ. ಒಂದು ದಿನ ಐದು ಸಲ ಹಾಡಿಸಿದ. ಗಂಟಲು ಕಟ್ಟಿಹೋಯ್ತು. ಅದಾದ ವಾರಕ್ಕೇ ಬೆಂಗಳೂರಿಗೆ ಹೋಗಿ ಆ ಪ್ಲೇಟು ಕೊಟ್ಟಿದ್ದು. ಕೆಮ್ಮು ಬಂತು. ಇನ್ನೊಂದು ಸಲ ಹಾಡ್ತೀನಿ ಅಂದ್ರೆ ಅಲ್ಲಿ ರೆಕಾರ್ಡು ಮಾಡೋ ದೊರೆ ಕೇಳಲಿಲ್ಲ. ಮೇಣದ ತಟ್ಟೆ ವೇಸ್ಟ್ ಆಗ್ತದೆ ಅಂದ."

ಇಷ್ಟು ಹೇಳಿದ ಮೇಲೆ ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ. ಅವರೂ ಮುಚ್ಚಿಡಲಿಲ್ಲ. ಹದಿನೆಂಟನೆಯ ವಯಸ್ಸಿಗೆ ಮನೆ ಬಿಟ್ಟು ಓಡಿದ್ದು, ಎರಡು ವರ್ಷ ಸೀರೆ ಉಟ್ಟದ್ದು, ಅವರಪ್ಪ ಶಿಕಾರಿಪುರಕ್ಕೆ ಬಂದು ಬಣ್ಣ ಹಚ್ಚಿದ ಮುಖದಲ್ಲೇ ಗಾಡಿ ಹತ್ತಿಸಿದ್ದು, ಜಡೆ ಊರಿನ ಹುಡುಗಿಯನ್ನು ನೋಡಿ ಆತುರಾತುರವಾಗಿ ಮದುವೆ ಮಾಡಿದ್ದು, ಮೀಸೆ ಬಿಟ್ಟದ್ದು, ಟ್ರೈನಿಂಗ್ ಮುಗಿಸಿ ಮೇಷ್ಟ್ರಾದದ್ದು, ಎಲ್ಲವನ್ನೂ ಸ್ಕೂಲಿನ ವರದಿ ಒಪ್ಪಿಸಿದ ಹಾಗೆ ಹೇಳಿದರು.

"ಮತ್ತೆ ಹಾಡು ಅಂದ್ರೆ ನಿಮಗೆ ಯಾಕೆ ಆಗಲ್ಲ ಮಾವ?" ಅಂತ ಕೇಳಿದೆ. ಕೇಳಿದ ಮೇಲೆ ಹೆದರಿಕೆಯಾಯಿತು.

ಅವರು ಸಿಟ್ಟಾಗಲಿಲ್ಲ. ಲೆಕ್ಕ ಬಿಡಿಸುವವರ ಹಾಗೆ ಯೋಚಿಸಿದರು. "ಚೆನ್ನಾಗಿ ಹಾಡೋರನ್ನ ಕೇಳಿದ್ರೆ ಹೊಟ್ಟೆ ಉರೀತದೆ. ಕೆಟ್ಟದಾಗಿ ಹಾಡೋರನ್ನ ಕೇಳಿದ್ರೆ ಸಿಟ್ಟು ಬರ್ತದೆ. ಎರಡೂ ಬೇಡ ಅಂತ ಬಿಟ್ಟೆ."

"ಆ ಟೆಂಟು ಎತ್ತಿಸಿದ್ದು?"

"ಆ ಕಂಪನಿ ನಾಯಕಿ ಹಾರ್ಮೋನಿಯಂ ಶ್ರುತಿ ಬಿಟ್ಟು ಒಂದು ಮನೆ ಮೇಲಕ್ಕೆ ಹಾಡ್ತಿದ್ಲು. ಇಲ್ಲಿ ಜಗುಲಿಗೆ ಕೇಳ್ತಿತ್ತು. ಎಂಟು ದಿನ ತಡಕೊಂಡೆ." ಆಮೇಲೆ ಪತ್ರಿಕೆ ಬಿಡಿಸುತ್ತ, "ನಿಮ್ಮತ್ತೆಗೆ ಹೇಳಬೇಡ," ಅಂದರು.

ಊರಿನ ಮಕ್ಕಳ ಓದು, ಊರಿನ ಮರ್ಯಾದೆ ಎಲ್ಲ ಅರ್ಜಿಯಲ್ಲಿ ಮಾತ್ರ ಇದ್ದವು. ಈಗ ನನ್ನ ಹತ್ತಿರ ಇಬ್ಬರು ಗಂಡಸರ ಎರಡು ಗುಟ್ಟು ಸೇರಿದ್ದವು. ಎರಡೂ ಒಂದೇ ಪ್ಲೇಟಿನ ಎರಡು ಮಗ್ಗುಲು.

ಮಾರನೆಯ ದಿನ ಮಾವನವರು ಪೇಟೆಯಿಂದ ಒಂದು ಡಬ್ಬಿ ಹೊಸ ಮುಳ್ಳು ತಂದು, ಏನೂ ಹೇಳದೆ ನನ್ನ ಮುಂದೆ ಇಟ್ಟು ಹೋದರು. ಅತ್ತೆ ಅದನ್ನು ನೋಡಿ, ಆ ರಾಣಿಯ ಪುಣ್ಯದಿಂದ ತಮ್ಮ ಗಂಡನ ಮನಸ್ಸು ಕರಗಿತು ಅಂತ ತಿಳಿದರು. ಅಟ್ಟದಿಂದ ಪೆಟ್ಟಿಗೆ ಇಳಿಯಿತು. ಭಾನುವಾರಗಳಲ್ಲಿ ಮಾವ ಮನೆಯಲ್ಲಿದ್ದಾಗಲೂ ಹಾಕುವಂತಾಯಿತು. ಅವರು ಒಳಕೋಣೆಯಲ್ಲಿ ಪುಸ್ತಕ ಹಿಡಿದು ಕೂತಿರುತ್ತಿದ್ದರು. ಹಾಡು ಮುಗಿಯುವವರೆಗೆ ಪುಟ ತಿರುಗುತ್ತಿರಲಿಲ್ಲ.

ನನಗೆ ಏಳು ತಿಂಗಳಾದಾಗ ಬಾಣಂತನಕ್ಕೆ ಕರೆದುಕೊಂಡು ಹೋಗಲು ಅಪ್ಪ ಒಬ್ಬರೇ ಬಂದರು. ಊಟವಾಯಿತು. ಬೀಗರಿಬ್ಬರೂ ಜಮಖಾನದ ಮೇಲೆ ಎದುರುಬದುರು ಕೂತರು. ಮಳೆ, ಬೆಳೆ, ಅಂಬ್ಲಿಗೊಳ ಕಟ್ಟೆಯ ನೀರು ಎಲ್ಲ ಮುಗಿದ ಮೇಲೆ ಮಾತು ನಿಂತಿತು. ಅತ್ತೆಗೆ ಬೀಗರನ್ನು ಖುಷಿಪಡಿಸಬೇಕೆಂಬ ಆಸೆ. "ನೀವು ಕಳಿಸಿದ ಪೆಟ್ಟಿಗೇಲಿ ಒಂದು ಹಾಡೈತೆ ಬೀಗರೇ, ಅಂಥದ್ದು ನಾನು ಎಲ್ಲೂ ಕೇಳಿಲ್ಲ. ಹಾಕೇ," ಅಂದರು.

ನಾನು ಮಾವನ ಮುಖ ನೋಡಿದೆ. ಅವರು ಗೋಡೆ ನೋಡುತ್ತಿದ್ದರು. ಅಪ್ಪನ ಮುಖ ನೋಡಿದೆ. ಅವರಿಗೆ ಅರ್ಥವಾಗಿರಲಿಲ್ಲ. ಬೇರೆ ದಾರಿ ಕಾಣದೆ ಹಾಕಿದೆ.

ಹಾರ್ಮೋನಿಯಂ ಬಂದೊಡನೆ ಅಪ್ಪ ನೆಟ್ಟಗಾದರು. ರಾಣಿ ದನಿಯೆತ್ತಿದ ಮೇಲೆ ಅವರ ಕಣ್ಣು ತುಂಬಿತು. ಅವ್ವ ಅಲ್ಲಿ ಇರಲಿಲ್ಲ. ಮೂವತ್ತು ವರ್ಷ ಕಾದ ಪ್ಲೇಟನ್ನು ಅವರು ಮೊದಲ ಸಲ ಎಗ್ಗಿಲ್ಲದೆ ಕೇಳುತ್ತಿದ್ದರು. ಮುಗಿಯುವುದೇ ತಡ, ತೊಡೆ ತಟ್ಟಿ, "ಒನ್ಸ್ ಮೋರ್," ಅಂದರು.

ಮಾವನವರು ಬೆಚ್ಚಿದ್ದನ್ನು ನಾನೊಬ್ಬಳೇ ನೋಡಿದೆ.

"ಏನು ದನಿರೀ ಮೇಷ್ಟ್ರೇ," ಅಂದರು ಅಪ್ಪ. "ಇಂಥಾ ಹುಡುಗ ಇನ್ನೊಬ್ಬ ಹುಟ್ಟಲಿಲ್ಲ. ಈಗ ಎಲ್ಲಿದಾನೋ."

"ಎಲ್ಲಾದರೂ ಮೇಷ್ಟ್ರಾಗಿರಬಹುದು," ಅಂದರು ಮಾವ.

ಅಪ್ಪ ಅದನ್ನು ಬೀಗರ ತಮಾಷೆ ಅಂದುಕೊಂಡು ನಕ್ಕರು. ಆದರೆ ಅತ್ತೆ ನಗಲಿಲ್ಲ. "ಹುಡುಗ ಅಂದ್ರೆ?" ಅಂದರು. "ಯಾವ ಹುಡುಗ?"

ಅಪ್ಪ ವಿವರಿಸಿದರು. ವಿವರಿಸುವುದು ಅವರಿಗೆ ಇಷ್ಟ. ಸೀರೆಯ ಬಣ್ಣ, ಜಡೆಬಿಲ್ಲೆ, ನಡಿಗೆ, ಸೊಂಟದ ಡಾಬು ಯಾವುದನ್ನೂ ಬಿಡಲಿಲ್ಲ. ಅತ್ತೆಯ ಮುಖ ಕೆಂಪಗಾಗುತ್ತ ಹೋಯಿತು. ಅವರು ಒಂದು ವರ್ಷ ಕಟ್ಟಿದ ಮನೆ, ಇಬ್ಬರು ಮಕ್ಕಳು, ಕೆಟ್ಟ ನಾದಿನಿ ಎಲ್ಲ ಕುಸಿದುಬಿದ್ದವು.

"ಗಂಡಸಾ ಹಾಡಿದ್ದು? ಸೀರೆ ಉಟ್ಟು, ಹೂ ಮುಡಿದು, ಗಂಡ ಬರಲಿಲ್ಲ ಅಂತ ಅತ್ತಿದ್ದು ಗಂಡಸಾ? ಥೂ. ಅವನನ್ನ ಹೆತ್ತೋರಿಗೆ, ಕಟ್ಟಿಕೊಂಡೋಳಿಗೆ ಎಷ್ಟು ನಾಚಿಕೆ ಆಗಿರ್ಬೇಕು. ನೀವೇ ಹೇಳ್ರಿ," ಅಂತ ಗಂಡನ ಕಡೆ ತಿರುಗಿದರು.

ಮಾವನವರು ನಿಧಾನವಾಗಿ, "ಹೌದು. ಕಟ್ಟಿಕೊಂಡೋಳಿಗೆ ಕಷ್ಟವೇ," ಅಂದರು.

"ನೀವು ಅಂಥೋರ ಟೆಂಟು ಎತ್ತಿಸಿದ್ದು ಸರಿಯಾಯ್ತು ಬಿಡಿ. ಬೀಗರೇ, ಈ ಪ್ಲೇಟು ನೀವೇ ತಗೊಂಡು ಹೋಗಿ. ನಮ್ಮನೇಲಿ ಬೇಡ."

ಅಪ್ಪನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆ ಸಲ ಶಿಕಾರಿಪುರದ ಬಸ್ಸಿನಲ್ಲಿ ಪ್ಲೇಟು ಅಪ್ಪನ ಮಡಿಲಲ್ಲಿತ್ತು. ಹೊರಡುವಾಗ ಮಾವನವರು ಅದನ್ನು ತಾವೇ ಹಳೆಯ ಪಂಚೆಯಲ್ಲಿ ಸುತ್ತಿ ಕೊಟ್ಟು, "ಬಿಸಿಲಿಗೆ ಹಿಡೀಬೇಡಿ, ಬಗ್ಗಿಹೋಗ್ತದೆ," ಅಂದರು.

ಬಿಸಿಲಿಗೆ ಅದು ಬಗ್ಗಲಿಲ್ಲ. ಅವ್ವನ ಕಣ್ಣು ತಪ್ಪಿಸಬೇಕೆಂದು ಅಪ್ಪ ಅದನ್ನು ಅಂಗಡಿಯ ಗಾದಿಯ ಕೆಳಗೆ ಇಟ್ಟಿದ್ದರು. ನಾನು ಹಡೆದು ಮಲಗಿದ್ದಾಗ ಮದುವೆ ಜವಳಿಗೆಂದು ಹತ್ತಾರು ಜನ ಬಂದು ಗಾದಿಯ ಮೇಲೆ ಕೂತರು. ಅವರು ಎದ್ದು ಹೋದ ಮೇಲೆ ತೆಗೆದು ನೋಡಿದರೆ ಮೂರು ಚೂರಾಗಿತ್ತು. ಅಪ್ಪ ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತು ನನಗೆ ಅದನ್ನು ಹೇಳಿದರು. ಆಮೇಲೆ ಮೊಮ್ಮಗಳನ್ನು ನೋಡದೆಯೇ ಹೋದರು.

ಮಗು ಎತ್ತಿಕೊಂಡು ಸೊರಬಕ್ಕೆ ಬಂದ ಮೇಲೆ ಮಾವನವರಿಗೆ ತಿಳಿಸಿದೆ. "ಹೋಗಲಿ ಬಿಡು. ಶ್ರುತಿ ಜಾರಿತ್ತು," ಅಂದರು. ಆ ದಿನ ಊಟದಲ್ಲಿ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಆಮೇಲೆ ಎರಡು ಮೂರು ತಿಂಗಳಿಗೆ ಒಂದು ಮಧ್ಯಾಹ್ನ ಅತ್ತೆ ಮತ್ತು ನಾನು ಜಗುಲಿಯಲ್ಲಿ ಸೊಪ್ಪು ಸೋಸುತ್ತಿದ್ದೆವು. ಭಾನುವಾರ. ಮಾವನವರು ಬಾಗಿಲ ಪಕ್ಕ ಕುರ್ಚಿಯಲ್ಲಿದ್ದರು. ಅತ್ತೆ ತಮಗೇ ಗೊತ್ತಿಲ್ಲದೆ ಏನೋ ಗುನುಗತೊಡಗಿದರು. ಸ್ವಲ್ಪ ಹೊತ್ತಿನಲ್ಲಿ ಅದು ರಾಣಿಯ ಹಾಡು ಅಂತ ಗೊತ್ತಾಯಿತು. ಎರಡು ಸಾಲು ಹೇಗೋ ಹೋದವು. ಮೂರನೆಯದರಲ್ಲಿ ದಾರಿ ತಪ್ಪಿತು. ಮತ್ತೆ ಹಿಡಿದರು, ಮತ್ತೆ ತಪ್ಪಿತು. ಮೂರನೆಯ ಸಲ ತಪ್ಪಿದಾಗ ಮಾವನವರಿಗೆ ತಡೆಯಲಾಗಲಿಲ್ಲ. ಪತ್ರಿಕೆ ಇಳಿಸಿ, ಆ ಸಾಲನ್ನು ತಾವೇ ಹಾಡಿದರು. ದನಿ ಒಡೆದಿತ್ತು, ಎತ್ತರಕ್ಕೆ ಹೋಗುವಾಗ ಎರಡು ಕಡೆ ಬಿರುಕು ಬಿಟ್ಟಿತು. ಆದರೂ ಪೂರ್ತಿ ಸಾಲು ಹಾಡಿದರು.

ನಾನು ಸೊಪ್ಪಿನಿಂದ ಕಣ್ಣೆತ್ತಲಿಲ್ಲ. ಅತ್ತೆ ಗಂಡನನ್ನೇ ನೋಡಿದರು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಅವರು ಹಾಡಿದ್ದನ್ನು ಕೇಳಿದ್ದು ಅದೇ ಮೊದಲು.

"ಬಿಡ್ರಿ, ನಿಮಗೆ ಬರೋಲ್ಲ," ಅಂದರು. "ಆ ನಾಚಿಕೆಗೆಟ್ಟೋನು ಚೆನ್ನಾಗಿ ಹಾಡ್ತಿದ್ದ."

"ಹೌದು," ಅಂ‌ದರು ಮಾವನವರು. "ಚೆನ್ನಾಗಿ ಹಾಡ್ತಿದ್ದ."

ಅತ್ತೆ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಮಾವನವರು ಪತ್ರಿಕೆಯ ಮುಂದಿನ ಪುಟ ತಿರುಗಿಸಿದರು.